ಒಲೆಯಿಂದ ಹಾರ್ಮುಜ್‌ವರೆಗೆ: ನೈಸರ್ಗಿಕ ಅನಿಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದ ಹೋಟೆಲ್ ಗಲ್ಲಾದ ಮುಂದೆ, ಪುಣೆಯ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ, ವಾಸ್ಕೋದಿಂದ ಬಂದ ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಗ್ಯಾಸ್ ಖರೀದಿಯ ಕೆಲಸದಲ್ಲಿ ಇರುವವನು ಎಂಬ ಕಾರಣಕ್ಕೆ ಜನ ನನ್ನನ್ನು ಕೇಳುತ್ತಾರೆ. ಹೋಟೆಲ್ ನಡೆಸುವವರು, ರಿಕ್ಷಾ ಓಡಿಸುವವರು, ಊರಲ್ಲಿ ಹೊಲ ಇಟ್ಟುಕೊಂಡವರು, ಎಲ್ಲರೂ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟಿನದು ಆಮೇಲೆ.

## ಮನೆ, ಮೀಟರು, ಬಿಲ್ಲು

ನಮ್ಮ ಒಲೆಗೆ ಬರೋ ಪೈಪ್ ಗ್ಯಾಸ್ ಎಲ್ಲಿಂದ ಬರುತ್ತೆ? ಇಲ್ಲೇ ಸಮುದ್ರದಿಂದಾನಾ, ಅರಬ್ ದೇಶದಿಂದಾನಾ?

ಎರಡೂ ಕಡೆಯಿಂದ. ಮುಂಬೈ ಎದುರಿನ ಕಡಲಲ್ಲಿ 1974ರಲ್ಲಿ ಬಾಂಬೆ ಹೈ ತೈಲಕ್ಷೇತ್ರ ಪತ್ತೆಯಾಯಿತು. ಅದೇ ಕಡಲಲ್ಲಿ ಆಮೇಲೆ ಸಿಕ್ಕ ಬಸೈನ್ ಮುಖ್ಯವಾಗಿ ಗ್ಯಾಸಿನದೇ ಕ್ಷೇತ್ರ. ಸರ್ಕಾರಿ ತೈಲ ಸಂಸ್ಥೆ ಒಎನ್‌ಜಿಸಿ ತೆಗೆಯುವ ಈ ಗ್ಯಾಸಿನಲ್ಲಿ ಒಂದು ಪಾಲು ಮುಂಬೈ ಪಕ್ಕದ ಉರಣಕ್ಕೆ ಬರುತ್ತದೆ, ಇನ್ನೊಂದು ಪಾಲು ಗುಜರಾತಿನ ಹಜೀರಾಕ್ಕೆ ಹೋಗಿ ಅಲ್ಲಿಂದ ಉತ್ತರ ಭಾರತದ ಕಡೆ ಸಾಗುತ್ತದೆ. ಗುಜರಾತಿನ ದಹೇಜ್‌ನಲ್ಲಿ ಹಡಗಿನಿಂದ ಇಳಿದ ವಿದೇಶಿ ಗ್ಯಾಸ್ ಕೂಡ ದಹೇಜ್–ಉರಣ–ಪನ್ವೇಲ್ ಪೈಪ್‌ಲೈನಿನಲ್ಲಿ ನಮ್ಮ ಕಡೆ ಬರುತ್ತದೆ. ಪೈಪಿನೊಳಗೆ ಬೆರೆತ ಮೇಲೆ ಯಾವುದು ಯಾರದು ಎಂದು ಹೇಳಲಾಗದು, ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವು ಬೇರೆ ಬೇರೆ. ಇಡೀ ದೇಶದ ಲೆಕ್ಕ ಹಿಡಿದರೆ ನಾವು ಬಳಸುವ ಗ್ಯಾಸಿನಲ್ಲಿ ಸುಮಾರು ಅರ್ಧದಷ್ಟು ಆಮದು.

ಮುಂಬೈಗೆ ಗ್ಯಾಸ್ ಬರುವ ಬಾಗಿಲುಗಳು ಬೆರಳೆಣಿಕೆಯಷ್ಟು. 2025ರ ನವೆಂಬರ್‌ನಲ್ಲಿ ಟ್ರಾಂಬೆ ಬಳಿ ಮುಖ್ಯ ಪೈಪಿಗೆ ಹಾನಿಯಾಗಿ ವಡಾಲಾದ ಸಿಟಿ ಗೇಟ್ ಸ್ಟೇಷನ್ನಿಗೆ ಗ್ಯಾಸ್ ನಿಂತಾಗ ಅದು ಎಲ್ಲರ ಕಣ್ಣಿಗೆ ಬಿತ್ತು. ಪಂಪುಗಳಲ್ಲಿ ಒತ್ತಡ ಕುಸಿಯಿತು, ರಿಕ್ಷಾ–ಟ್ಯಾಕ್ಸಿಗಳು ಸಾಲುಗಟ್ಟಿ ನಿಂತವು, ಮನೆಯ ಒಲೆಗಳಿಗೆ ಮಾತ್ರ ಆದ್ಯತೆ ಕೊಟ್ಟು ಸರಬರಾಜು ಉಳಿಸಿಕೊಂಡರು. ಭದ್ರತೆ ಎಂದಾಗ ನಾವು ಯುದ್ಧದ ಬಗ್ಗೆಯೇ ಮಾತಾಡುತ್ತೇವೆ. ಊರೊಳಗಿನ ಒಂದು ಪೈಪ್ ಒಡೆದರೂ ಒಂದು ದಿನದ ದುಡಿಮೆ ಹೋಗುತ್ತದೆ.

ಸಿಲಿಂಡರ್ ಗ್ಯಾಸೂ ಪೈಪ್ ಗ್ಯಾಸೂ ಒಂದೇ ಅಲ್ವಾ ಅಕ್ಕಾ? ನೀವ್ಯಾಕೆ ಬೇರೆ ಬೇರೆ ಅಂತೀರಿ?

(ಇದು ನನ್ನ ಹೆಂಡತಿಗೆ ಪಕ್ಕದ ಮನೆಯವರು ಕೇಳಿದ್ದು, ಉತ್ತರ ನನ್ನದು.) ಬೇರೆಯೇ. ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್. ಗಾಳಿಗಿಂತ ಹಗುರ, ಮೇಲೇರಿ ಕಿಟಕಿಯಿಂದ ಹೊರಹೋಗುತ್ತದೆ. ಎರಡಕ್ಕೂ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದು ನಾರುವ ರಾಸಾಯನಿಕ ಬೆರೆಸಿರುತ್ತಾರೆ. ವ್ಯಾಪಾರವೂ ಬೇರೆ: ಸಿಲಿಂಡರಿನ ಗ್ಯಾಸಿಗೆ ಆಮದಿನ ಅವಲಂಬನೆ ಪೈಪ್ ಗ್ಯಾಸಿಗಿಂತ ಹೆಚ್ಚು, ಅದೂ ಬಹುಪಾಲು ಕೊಲ್ಲಿ ದೇಶಗಳಿಂದ.

ಬಿಲ್ಲಿನಲ್ಲಿ ಎಸ್‌ಸಿಎಂ, ಪೇಪರಿನಲ್ಲಿ ಎಂಎಂಬಿಟಿಯು. ನಮಗೆ ತಿಳಿಯೋ ಲೆಕ್ಕದಲ್ಲಿ ಹೇಳಿ ಸಾರ್.

ಎಸ್‌ಸಿಎಂ ಎಂದರೆ ನಿಗದಿತ ಒತ್ತಡ, ತಾಪಮಾನದಲ್ಲಿ ಒಂದು ಘನ ಮೀಟರ್ ಗ್ಯಾಸ್. ಎಂಎಂಬಿಟಿಯು ಶಾಖದ ಅಳತೆ, ಸುಮಾರು 2,52,000 ಕಿಲೋಕ್ಯಾಲೊರಿ. ಜಗತ್ತು ಗ್ಯಾಸನ್ನು ಶಾಖದ ಲೆಕ್ಕದಲ್ಲಿ ಕೊಳ್ಳುತ್ತದೆ, ಏಕೆಂದರೆ ಒಂದೊಂದು ಕ್ಷೇತ್ರದ ಗ್ಯಾಸಿನಲ್ಲಿ ಶಾಖ ಒಂದೊಂದು ಥರ. ಅಂದಾಜಿಗೆ ಒಂದು ಎಂಎಂಬಿಟಿಯು ಅಂದರೆ 27 ಎಸ್‌ಸಿಎಂ ಆಸುಪಾಸು. ಮನೆಯ 14.2 ಕೆಜಿ ಸಿಲಿಂಡರಿನಷ್ಟು ಶಾಖಕ್ಕೆ 17–18 ಎಸ್‌ಸಿಎಂ ಬೇಕು. ಪೈಪ್ ಬಿಲ್ಲನ್ನು ಸಿಲಿಂಡರ್ ದರದ ಜೊತೆ ಹೋಲಿಸಬೇಕಿದ್ದರೆ ಈ ಅಂಕಿಯನ್ನು ಹಿಡಿದುಕೊಳ್ಳಿ.

ಮನೆಗೊಂದು ರೇಟು, ಹೋಟೆಲಿಗೊಂದು ರೇಟು. ಇದೆಂಥ ನ್ಯಾಯ ಮಾರಾಯ್ರೇ?

ಒಎನ್‌ಜಿಸಿ, ಆಯಿಲ್ ಇಂಡಿಯಾಗಳ ಹಳೆಯ ಕ್ಷೇತ್ರಗಳಿಂದ ಬರುವ ಗ್ಯಾಸಿಗೆ ಸರ್ಕಾರ ಬೆಲೆ ಕಟ್ಟುತ್ತದೆ, ಯಾರಿಗೆ ಎಷ್ಟು ಎಂದು ಹಂಚುವುದೂ ಸರ್ಕಾರವೇ. ಆ ಹಂಚಿಕೆಯಲ್ಲಿ ಮನೆಯ ಒಲೆ ಮೊದಲು, ವಾಹನಗಳ ಸಿಎನ್‌ಜಿ ಆಮೇಲೆ. ಹೋಟೆಲ್, ಬೇಕರಿ, ಕಾರ್ಖಾನೆಗಳಿಗೆ ಆ ಅಗ್ಗದ ಗ್ಯಾಸಿನಲ್ಲಿ ಪಾಲಿಲ್ಲ. ನಿಮಗೆ ಕೊಡುವುದನ್ನು ನಗರದ ಗ್ಯಾಸ್ ಕಂಪನಿ ಹೆಚ್ಚಾಗಿ ಆಮದಿನಿಂದ ಕೊಳ್ಳಬೇಕು. ದರ ಕಟ್ಟುವಾಗ ನೀವು ಪರ್ಯಾಯವಾಗಿ ಬಳಸಬಹುದಾದ 19 ಕೆಜಿ ಸಿಲಿಂಡರಿನ ಬೆಲೆಯ ಮೇಲೂ ಕಣ್ಣಿಟ್ಟಿರುತ್ತಾರೆ. ಅಂದರೆ ಇಡ್ಲಿ ಬೇಯಿಸುವ ನಿಮ್ಮ ಒಲೆ ಜಾಗತಿಕ ಮಾರುಕಟ್ಟೆಗೆ ನೇರವಾಗಿ ಜೋಡಿಕೊಂಡಿದೆ. ನಿಮ್ಮ ಮನೆಯ ಒಲೆಗೆ ಒಂದಷ್ಟು ಮರೆ ಇದೆ. ಮನೆಗೆ ಮೊದಲ ಪಾಲು ಎಂಬುದು ನನ್ನ ಮಟ್ಟಿಗೆ ಸರಿಯಾದ ನಿರ್ಧಾರ. ಆದರೆ ಸಣ್ಣ ಹೋಟೆಲನ್ನೂ ದೊಡ್ಡ ಕಾರ್ಖಾನೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದನ್ನು ಒಪ್ಪಲಾರೆ.

## ಬೆಲೆ ಏರುವುದು, ಇಳಿಯುವುದು

ಅಣ್ಣಾರ, ಕ್ರೂಡ್ ರೇಟ್ ಇಳೀತಂತ ಟೀವಿಯಾಗ ಬರ್ತದ. ನಮ್ಮ ರಿಕ್ಷಾದ ಸಿಎನ್‌ಜಿ ಯಾಕ ಇಳಿಯಂಗಿಲ್ಲ?

2023ರ ಏಪ್ರಿಲ್‌ನಿಂದ ಹಳೆಯ ಕ್ಷೇತ್ರಗಳ ಗ್ಯಾಸಿಗೆ ಒಂದು ಸೂತ್ರ ಇದೆ: ಭಾರತ ಕೊಳ್ಳುವ ಕ್ರೂಡಿನ (ಕಚ್ಚಾ ತೈಲದ) ಸರಾಸರಿ ಬ್ಯಾರೆಲ್ ಬೆಲೆಯ ಶೇ. 10. ಕಿರೀಟ್ ಪಾರಿಖ್ ಸಮಿತಿಯ ಶಿಫಾರಸಿನ ಮೇಲೆ ಬಂದದ್ದು. ಅದಕ್ಕೆ ಎಂಎಂಬಿಟಿಯುಗೆ ತಳಮಿತಿ 4 ಡಾಲರ್, ಮೇಲ್ಮಿತಿ 6.5 ಡಾಲರ್ ಇತ್ತು. 2025ರ ಏಪ್ರಿಲ್‌ನಲ್ಲಿ ಮೇಲ್ಮಿತಿ 6.75 ಆಯಿತು. ಆ ಮಿತಿ ಹಿಡಿದು ಲೆಕ್ಕ ಹಾಕಿ. ಕ್ರೂಡ್ 80 ಡಾಲರ್ ಇದ್ದರೆ ಸೂತ್ರದ ಬೆಲೆ 8, ಕ್ರೂಡ್ 70ಕ್ಕೆ ಇಳಿದರೆ 7. ಎರಡೂ ಮೇಲ್ಮಿತಿಗಿಂತ ಜಾಸ್ತಿ, ಆದ್ದರಿಂದ ಎರಡೂ ಸಲ ಕಂಪನಿ ಕೊಡಬೇಕಾದದ್ದು 6.75. ಕ್ರೂಡ್ ಹತ್ತು ಡಾಲರ್ ಇಳಿದರೂ ನಿಮ್ಮ ಪಂಪಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕ್ರೂಡ್ ಏರಿದಾಗ ಇದೇ ಮಿತಿ ನಿಮ್ಮನ್ನು ಕಾಯುತ್ತದೆ ಎಂಬುದೂ ನಿಜ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹಳೆಯ ಕ್ಷೇತ್ರಗಳ ಉತ್ಪಾದನೆ ಕುಗ್ಗುತ್ತಿದೆ, ಸಿಎನ್‌ಜಿ ವಾಹನಗಳು ಹೆಚ್ಚುತ್ತಿವೆ. 2024ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಸರ್ಕಾರ ಸಿಎನ್‌ಜಿಗೆ ಕೊಡುವ ಅಗ್ಗದ ಗ್ಯಾಸಿನ ಪಾಲನ್ನು ಕಡಿತ ಮಾಡಿತು. ಆ ಕೊರತೆಯನ್ನು ದುಬಾರಿ ಗ್ಯಾಸಿನಿಂದ ತುಂಬಬೇಕಾಯಿತು, ಬೆಲೆ ಏರಿತು. ಮೇಲೆ ತೆರಿಗೆ ಇದೆ. ನೈಸರ್ಗಿಕ ಅನಿಲ ಜಿಎಸ್‌ಟಿಯ ಹೊರಗಿದೆ, ರಾಜ್ಯದ ವ್ಯಾಟ್ ಬೀಳುತ್ತದೆ. ಮಹಾರಾಷ್ಟ್ರ 2022ರ ಏಪ್ರಿಲ್ 1ರಿಂದ ಅದನ್ನು ಶೇ. 13.5ರಿಂದ ಶೇ. 3ಕ್ಕೆ ಇಳಿಸಿತು. ದುಡಿಯುವವರ ಪರವಾಗಿ ಒಂದು ರಾಜ್ಯ ಮಾಡಬಹುದಾದ ನೇರ ಕೆಲಸ ಅದು.

ಅಮೆರಿಕದಲ್ಲಿ ಗ್ಯಾಸ್ ಮೂರು ಡಾಲರ್ ಅಂತೆ. ನಮಗೆ ಬರೋ ಹೊತ್ತಿಗೆ ಅಷ್ಟು ದುಬಾರಿ ಹೇಗಾಗುತ್ತೆ?

ಗ್ಯಾಸ್ ತೆಗೆಯುವುದು ಅಗ್ಗ, ಸಾಗಿಸುವುದು ದುಬಾರಿ. ಸಮುದ್ರ ದಾಟಿಸಲು ಅದನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ದ್ರವ ಮಾಡಬೇಕು. ಆಗ ಗಾತ್ರ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದೇ ಎಲ್‌ಎನ್‌ಜಿ. ಸರ್ಕಾರಿ ಗ್ಯಾಸ್ ಸಂಸ್ಥೆ ಗೇಲ್ ಅಮೆರಿಕದ ಸಬೀನ್ ಪಾಸ್‌ನಿಂದ 2018ರಿಂದ ತರುತ್ತಿರುವ ಗ್ಯಾಸಿನ ಸೂತ್ರ ನೋಡಿ: ಲೂಸಿಯಾನಾದ ಹೆನ್ರಿ ಹಬ್ ಎಂಬ ಗ್ಯಾಸ್ ವಹಿವಾಟು ಕೇಂದ್ರದ ಬೆಲೆಯ ಶೇ. 115, ಅದರ ಮೇಲೆ ದ್ರವ ಮಾಡುವ ಶುಲ್ಕ 3 ಡಾಲರ್. ಹೆನ್ರಿ ಹಬ್ 3 ಡಾಲರ್ ಇದ್ದರೆ ಹಡಗು ಹತ್ತುವ ಮೊದಲೇ 6.45 ಆಯಿತು. ಆಮೇಲೆ ಹಡಗಿನ ಬಾಡಿಗೆ, ಸುಂಕ, ಇಲ್ಲಿ ಮತ್ತೆ ಅನಿಲ ಮಾಡುವ ಟರ್ಮಿನಲ್ ಶುಲ್ಕ, ಪೈಪ್‌ಲೈನ್ ಶುಲ್ಕ, ವ್ಯಾಟ್. ಹಡಗು ಯಾವ ದಾರಿ ಹಿಡಿಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ ಬರಗಾಲದಿಂದ ಪನಾಮಾ ಕಾಲುವೆಯಲ್ಲಿ ನೀರು ಇಳಿಯಿತು, ಅದೇ ವರ್ಷದ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. ಅಮೆರಿಕದಿಂದ ಏಷ್ಯಾಕ್ಕೆ ಬರುವ ಎರಡು ಹತ್ತಿರದ ದಾರಿಗಳೂ ಒಟ್ಟಿಗೆ ಇಕ್ಕಟ್ಟಾದವು.

ಕ್ರೂಡಿಗೆ ಇರುವಂತೆ ಗ್ಯಾಸಿಗೆ ಜಗತ್ತಿಗೆಲ್ಲ ಒಂದು ಬೆಲೆ ಇಲ್ಲ. ಅಮೆರಿಕಕ್ಕೆ ಹೆನ್ರಿ ಹಬ್, ಯುರೋಪಿಗೆ ನೆದರ್ಲೆಂಡ್ಸಿನ ಟಿಟಿಎಫ್, ಏಷ್ಯಾದ ಹಡಗುಗಳಿಗೆ ಜೆಕೆಎಂ. ಮೂರೂ ಒಂದೊಂದು ಕಡೆ ಓಡುವುದುಂಟು.

ಯುದ್ಧ ಯುಕ್ರೇನ್‌ನಲ್ಲಿ, ಬಿಲ್ ಏರೋದು ಡೊಂಬಿವಲಿಯಲ್ಲಿ. ಯಾಕೆ?

ಯುದ್ಧಕ್ಕೆ ಮುಂಚೆ ಯುರೋಪಿನ ಒಕ್ಕೂಟ ಆಮದು ಮಾಡುತ್ತಿದ್ದ ಗ್ಯಾಸಿನಲ್ಲಿ ಶೇ. 40ಕ್ಕಿಂತ ಹೆಚ್ಚು ರಷ್ಯಾದಿಂದ ಬರುತ್ತಿತ್ತು, ಬಹುಪಾಲು ಪೈಪಿನಲ್ಲಿ. 2022ರಲ್ಲಿ ಅದರ ಬಹುಪಾಲು ಹಂತಹಂತವಾಗಿ ನಿಂತಿತು. ಸೆಪ್ಟೆಂಬರ್ 26ರಂದು ರಷ್ಯಾದಿಂದ ಜರ್ಮನಿಗೆ ಹೋಗುವ ನಾರ್ಡ್ ಸ್ಟ್ರೀಮ್ ಪೈಪ್‌ಲೈನ್‌ಗಳು ಸಮುದ್ರದಡಿ ಸ್ಫೋಟಗೊಂಡವು. ಆ ಕೊರತೆ ತುಂಬಲು ಯುರೋಪು ಜಗತ್ತಿನ ಎಲ್‌ಎನ್‌ಜಿ ಹಡಗುಗಳಿಗೆ ಬೆಲೆ ಏರಿಸುತ್ತ ಹೋಯಿತು. ಆಗಸ್ಟ್ ಕೊನೆಯಲ್ಲಿ ಟಿಟಿಎಫ್ ಎಂಎಂಬಿಟಿಯುಗೆ 90 ಡಾಲರ್ ದಾಟಿತ್ತು. ಅದಕ್ಕೆ ಎರಡು ವರ್ಷ ಹಿಂದೆ, ಕೋವಿಡ್ ಕಾಲದಲ್ಲಿ, ಏಷ್ಯಾದಲ್ಲಿ ಅದೇ ಗ್ಯಾಸ್ 2 ಡಾಲರಿಗಿಂತ ಕೆಳಗಿತ್ತು.

ಹೆಚ್ಚು ಕೊಟ್ಟವರ ಕಡೆಗೆ ಹಡಗು ತಿರುಗಿತು. ಬಾಂಗ್ಲಾದೇಶ 2022ರ ಜುಲೈನಲ್ಲಿ ಹೊಸದಾಗಿ ಕೊಳ್ಳುವುದನ್ನೇ ನಿಲ್ಲಿಸಿ ಕರೆಂಟು ಕಡಿತಕ್ಕೆ ಇಳಿಯಿತು. ಪಾಕಿಸ್ತಾನ ಅದೇ ತಿಂಗಳು ಹತ್ತು ಹಡಗಿಗೆ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ನಮ್ಮಲ್ಲಿ ದೇಶಿ ಗ್ಯಾಸಿನ ಬೆಲೆಯೂ ಆಗ ವಿದೇಶಿ ಮಾರುಕಟ್ಟೆಗಳಿಗೆ ಜೋಡಿಕೊಂಡಿತ್ತು. 2022ರ ಮಾರ್ಚ್‌ನಲ್ಲಿ 2.90 ಡಾಲರ್ ಇದ್ದದ್ದು ಅಕ್ಟೋಬರ್ ಹೊತ್ತಿಗೆ 8.57 ಆಯಿತು. ನಮ್ಮದೇ ಕಡಲಿನ, ನಮ್ಮದೇ ಸಾರ್ವಜನಿಕ ಸಂಸ್ಥೆ ತೆಗೆದ ಗ್ಯಾಸಿಗೆ ಯುರೋಪಿನ ಯುದ್ಧದ ಬೆಲೆ! 2023ರಲ್ಲಿ ಸೂತ್ರ ಬದಲಾದದ್ದು ಇದಕ್ಕೇ. ಆ ಏಪ್ರಿಲ್‌ನಲ್ಲಿ ಮುಂಬೈಯ ಸಿಎನ್‌ಜಿ ಕೆಜಿಗೆ ಒಂದೇ ಸಲ 8 ರೂಪಾಯಿ ಇಳಿಯಿತು.

ಊರಾಗ ಹೊಲ ಐತ್ರಿ. ಯೂರಿಯಾಕ್ಕೂ ಈ ಗ್ಯಾಸಿಗೂ ಏನ್ ಸಂಬಂಧ?

ಯೂರಿಯಾದ ಮೂಲವೇ ಗ್ಯಾಸು. ಮೀಥೇನಿನಿಂದ ಹೈಡ್ರೋಜನ್ ತೆಗೆದು, ಗಾಳಿಯ ನೈಟ್ರೋಜನ್ ಸೇರಿಸಿ ಅಮೋನಿಯಾ ಮಾಡುತ್ತಾರೆ, ಅದರಿಂದ ಯೂರಿಯಾ. ದೇಶದಲ್ಲಿ ಅತಿ ಹೆಚ್ಚು ಗ್ಯಾಸ್ ಬಳಸುವುದು ಗೊಬ್ಬರದ ಕಾರ್ಖಾನೆಗಳೇ. ಪಣಂಬೂರಿನ ಕಾರ್ಖಾನೆ ನಾಫ್ತಾ ಬಿಟ್ಟು ಗ್ಯಾಸಿಗೆ ಬಂದದ್ದು ಕೊಚ್ಚಿ–ಮಂಗಳೂರು ಪೈಪ್‌ಲೈನ್ ಮುಟ್ಟಿದ ಮೇಲೆ. ನೀವು 45 ಕೆಜಿ ಚೀಲಕ್ಕೆ 266.50 ರೂಪಾಯಿ ಕೊಡುತ್ತೀರಿ, ನಿಜವಾದ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು. ಗ್ಯಾಸ್ ಬೆಲೆ ಏರಿದಾಗ ಆ ವ್ಯತ್ಯಾಸ ಸರ್ಕಾರದ ಸಬ್ಸಿಡಿಯಲ್ಲಿ ಏರುತ್ತದೆ, ಚೀಲದ ಮೇಲೆ ಕಾಣುವುದಿಲ್ಲ.

## ಹಡಗು, ಒಪ್ಪಂದ, ಪೈಪ್‌ಲೈನ್

ಇಪ್ಪತ್ತು ವರ್ಷದ ಒಪ್ಪಂದ ಮಾಡಿಕೊಂಡ್ರೆ ಸಿಕ್ಕಿಹಾಕಿಕೊಳ್ಳಲ್ವಾ? ಅಗ್ಗ ಇದ್ದಾಗ ಕೊಂಡರಾಯ್ತಲ್ಲ?

ಗ್ಯಾಸ್ ವ್ಯಾಪಾರದ ಜೀವಾಳ ಈ ಪ್ರಶ್ನೆಯಲ್ಲಿದೆ. ಆಗಿಂದಾಗ್ಗೆ ಕೊಳ್ಳುವುದನ್ನು ಸ್ಪಾಟ್ ಎನ್ನುತ್ತೇವೆ. ಅಲ್ಲಿ ಬೆಲೆ ಬಿದ್ದಾಗ ಲಾಭ, ಎದ್ದಾಗ ಬಾಂಗ್ಲಾದೇಶದ ಗತಿ. ದೀರ್ಘ ಒಪ್ಪಂದದಲ್ಲಿ ಬೆಲೆ ಸಾಮಾನ್ಯವಾಗಿ ಕ್ರೂಡಿನ ಶೇಕಡಾವಾರು ಲೆಕ್ಕ. ಶೇ. 12 ಎಂದಿದ್ದು ಕ್ರೂಡ್ 75 ಡಾಲರ್ ಇದ್ದರೆ ಗ್ಯಾಸ್ 9 ಡಾಲರ್. ಜೊತೆಗೆ 'ಟೇಕ್ ಆರ್ ಪೇ' ಎಂಬ ಷರತ್ತು ಇರುತ್ತದೆ. ತೆಗೆದುಕೊಂಡರೂ ಬಿಟ್ಟರೂ ಹಣ ಕೊಡಬೇಕು.

ಈ ಷರತ್ತು ಎಷ್ಟು ಭಾರ ಎಂಬುದನ್ನು ಎಲ್‌ಎನ್‌ಜಿ ಆಮದು ಮಾಡುವ ಪೆಟ್ರೋನೆಟ್ ಕಂಪನಿ 2015ರಲ್ಲಿ ಕಂಡಿತು. ಕತಾರಿನ ರಾಸ್‌ಗ್ಯಾಸ್ ಜೊತೆ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದ ಇತ್ತು, ಬೆಲೆಗೆ ಕ್ರೂಡಿನ ಅರವತ್ತು ತಿಂಗಳ ಸರಾಸರಿ. ಕ್ರೂಡ್ ದಿಢೀರನೆ ಕುಸಿದಾಗ ಒಪ್ಪಂದದ ಗ್ಯಾಸ್ 12–13 ಡಾಲರ್, ಸ್ಪಾಟ್ ಗ್ಯಾಸ್ ಅದರ ಅರ್ಧ. ಪೆಟ್ರೋನೆಟ್ ಒಪ್ಪಿದ್ದಕ್ಕಿಂತ ಕಡಿಮೆ ತೆಗೆದುಕೊಂಡಿತು, ದಂಡ ಸಾವಿರಾರು ಕೋಟಿಗೆ ಬೆಳೆಯಿತು. ಕತಾರ್ ನ್ಯಾಯಾಲಯಕ್ಕೆ ಹೋಗಲಿಲ್ಲ. ಸರಾಸರಿಯನ್ನು ಮೂರು ತಿಂಗಳಿಗೆ ಇಳಿಸಿತು, ದಂಡ ಬಿಟ್ಟಿತು, ಬದಲಿಗೆ ವರ್ಷಕ್ಕೆ ಇನ್ನೂ 10 ಲಕ್ಷ ಟನ್ ಮಾರಿತು. ಅದೇ 75 ಲಕ್ಷ ಟನ್ನಿನ ಒಪ್ಪಂದವನ್ನು 2028ರಿಂದ ಮತ್ತೆ 20 ವರ್ಷಕ್ಕೆ ಮುಂದುವರಿಸುವ ಸಹಿ ಬಿದ್ದದ್ದು 2024ರ ಫೆಬ್ರವರಿಯಲ್ಲಿ, ಗೋವಾದಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ.

ಹೆಚ್ಚಿನ ಪಾಲು ದೀರ್ಘ ಒಪ್ಪಂದದಲ್ಲಿ, ಸ್ವಲ್ಪ ಸ್ಪಾಟ್‌ನಲ್ಲಿ. ನಾನು ನಂಬಿರುವುದು ಇಷ್ಟು. ಬೆಲೆ ಬಿದ್ದ ವರ್ಷ 'ನಷ್ಟ ಮಾಡಿಕೊಂಡರು' ಎಂಬ ಮಾತು ಬಂದೇ ಬರುತ್ತದೆ, ಅದನ್ನು ತಾಳಿಕೊಳ್ಳಬೇಕು.

ಒಪ್ಪಂದ ಇದ್ದೂ ಮಾರುವವನು ಕೊಡದಿದ್ದರೆ?

ಆಗಿದೆ. ಗೇಲ್ ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರಾಮ್‌ನ ಸಿಂಗಪುರದ ಘಟಕದ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಯುದ್ಧ ಶುರುವಾದ ಮೇಲೆ ಆ ಘಟಕದ ಮಾತೃಸಂಸ್ಥೆಯನ್ನು ಜರ್ಮನಿ ಸರ್ಕಾರ ಕೈಗೆ ತೆಗೆದುಕೊಂಡಿತು, 2022ರ ಮಧ್ಯದಿಂದ ಗೇಲ್‌ಗೆ ಹಡಗುಗಳು ತಪ್ಪಿದವು. ಗೇಲ್ ಪರಿಹಾರ ಕೇಳಿತು, 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಹಣ ಬಂತು. ಆದರೆ ಗ್ಯಾಸ್ ಬೇಕಾಗಿದ್ದ 2022ರಲ್ಲಿ ಆ ಹಡಗು ಇರಲಿಲ್ಲ.

ದಾಭೋಳದ ಎನ್ರಾನ್ ಕಥೆ ಮುಗೀತಲ್ಲ, ಈಗ ಅಲ್ಲಿ ಏನಿದೆ?

ಬೆಂಗಳೂರಿನ ಒಲೆಗಳಿಗೆ ಹೋಗುವ ಗ್ಯಾಸಿನ ಪೈಪ್ ಅಲ್ಲಿಂದಲೇ ಹೊರಡುತ್ತದೆ. ರತ್ನಾಗಿರಿ ಜಿಲ್ಲೆಯ ದಾಭೋಳದಲ್ಲಿ ಅಮೆರಿಕದ ಎನ್ರಾನ್ ಕಂಪನಿಯ ವಿದ್ಯುತ್ ಯೋಜನೆಗೆ 1992ರಲ್ಲಿ ಮಾತುಕತೆಯಾಗಿ, 1999ರಲ್ಲಿ ಮೊದಲ ಹಂತ ನಾಫ್ತಾ ಮೇಲೆ ಶುರುವಾಯಿತು. ಕರೆಂಟಿನ ಬೆಲೆ ತಾಳಲಾರದೆ 2001ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಕೊಳ್ಳುವುದನ್ನು ನಿಲ್ಲಿಸಿತು, ಅದೇ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿಯಾಯಿತು. ಅರೆಬರೆ ನಿಂತಿದ್ದ ಎಲ್‌ಎನ್‌ಜಿ ಟರ್ಮಿನಲ್ ಶುರುವಾದದ್ದು 2013ರಲ್ಲಿ. ಅಲೆತಡೆ ಗೋಡೆ ಪೂರ್ತಿಯಾಗದ ಕಾರಣ ವರ್ಷಗಟ್ಟಲೆ ಮಳೆಗಾಲದಲ್ಲಿ ಹಡಗು ಹತ್ತಿರ ಬರಲಾಗುತ್ತಿರಲಿಲ್ಲ. ಸಾವಿರಾರು ಕೋಟಿಯ ಟರ್ಮಿನಲ್ಲು ಒಂದು ಗೋಡೆಗಾಗಿ ವರ್ಷದ ಮೂರನೇ ಒಂದು ಭಾಗ ಕಾಯುತ್ತಿತ್ತು.

ಅದೇ 2013ರಲ್ಲಿ ಸುಮಾರು ಸಾವಿರ ಕಿಲೋಮೀಟರಿನ ದಾಭೋಳ–ಬೆಂಗಳೂರು ಪೈಪ್‌ಲೈನ್ ಶುರುವಾಯಿತು. ಗೋವಾಕ್ಕೆ ಗ್ಯಾಸ್ ಬರುವುದು ಇದರದೇ ಕವಲಿನಿಂದ: ಕೊಂಕಣದಿಂದ ಘಟ್ಟ ಹತ್ತಿ ಗೋಕಾಕದ ಕಡೆ ಹೋಗಿ, ಮತ್ತೆ ಘಟ್ಟ ಇಳಿದು ಗೋವಾ ಸೇರುತ್ತದೆ. ಪಣಜಿಯ ಗೆಳೆಯರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಇರಾನ್ ಹತ್ತಿರಾನೇ ಇದೆ. ನೇರ ಪೈಪ್ ಯಾಕೆ ಹಾಕಲಿಲ್ಲ?

ಮಾತು ದಶಕಗಳಿಂದ ಇದೆ. ಇರಾನ್–ಪಾಕಿಸ್ತಾನ–ಭಾರತ ಪೈಪ್‌ಲೈನಿನಿಂದ ಭಾರತ 2009ರ ಹೊತ್ತಿಗೆ ಹಿಂದೆ ಸರಿಯಿತು. ತುರ್ಕಮೆನಿಸ್ತಾನದಿಂದ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರಬೇಕಿದ್ದ 'ತಾಪಿ'ಗೆ 2015ರಲ್ಲಿ ಗುದ್ದಲಿ ಪೂಜೆಯಾದರೂ ನಮ್ಮ ಗಡಿಗೆ ಬಂದಿಲ್ಲ. ಪೈಪಿನ ಗ್ಯಾಸ್ ಅಗ್ಗ, ಆದರೆ ಅದಕ್ಕೆ ಒಂದೇ ದಾರಿ. ದಾರಿಯಲ್ಲಿರುವವರು ಮುನಿದರೆ ಬೇರೆ ಕಡೆಯಿಂದ ತಿರುಗಿಸಲಾಗದು. ಯುರೋಪು ರಷ್ಯಾದ ಪೈಪನ್ನು ನಂಬಿ ಕಲಿತದ್ದು ಇದನ್ನೇ.

## ಭದ್ರತೆ

ಹಾರ್ಮುಜ್‌ನಲ್ಲಿ ಗಲಾಟೆ ಅಂದಕೂಡಲೇ ನಿಮ್ಮಂಥವರಿಗೆ ಯಾಕಷ್ಟು ಆತಂಕ?

ಹಾರ್ಮುಜ್ ಇರಾನ್ ಮತ್ತು ಒಮಾನ್ ನಡುವಿನ ಇಕ್ಕಟ್ಟಾದ ಜಲಸಂಧಿ. ಕತಾರಿನ ಎಲ್‌ಎನ್‌ಜಿ ಹಡಗು ಹೊರಬರಲು ಅದೊಂದೇ ಬಾಗಿಲು. ಅಬುಧಾಬಿಯ ದಾಸ್ ದ್ವೀಪದ ಎಲ್‌ಎನ್‌ಜಿಗೂ ಅದೇ. 2024ರ ಲೆಕ್ಕದಲ್ಲಿ ಜಗತ್ತಿನ ಎಲ್‌ಎನ್‌ಜಿ ವ್ಯಾಪಾರದ ಸುಮಾರು ಐದನೇ ಒಂದು ಪಾಲು ಆ ಜಲಸಂಧಿ ದಾಟುತ್ತಿತ್ತು. ಆ ವರ್ಷ ನಮ್ಮ ಆಮದಿನಲ್ಲಂತೂ ಅತಿ ದೊಡ್ಡ ಪಾಲು ಕತಾರಿನದಾಗಿತ್ತು. ಸೌದಿ ಅರೇಬಿಯಾ ತನ್ನ ಕ್ರೂಡಿನ ಒಂದಷ್ಟನ್ನು ಪೈಪಿನಲ್ಲಿ ಕೆಂಪು ಸಮುದ್ರಕ್ಕೆ ಸಾಗಿಸಬಲ್ಲದು, ಕತಾರಿನ ಎಲ್‌ಎನ್‌ಜಿಗೆ ಅಂಥ ಬಳಸುದಾರಿ ಇಲ್ಲ. ಕೊರತೆಯಾದರೆ ಮೊದಲು ನಿಲ್ಲುವುದು ಗ್ಯಾಸಿನ ವಿದ್ಯುತ್ ಸ್ಥಾವರ, ಕಾರ್ಖಾನೆ, ಹೋಟೆಲು. ಮನೆಯ ಒಲೆ ಕೊನೆಗೆ.

ನಮ್ಮ ಉಡುಪಿ ಕಡೆ ಪಾದೂರಿನಲ್ಲಿ ಕ್ರೂಡ್ ಇಟ್ಟಿದ್ದಾರಲ್ಲ, ಹಾಗೇ ಗ್ಯಾಸ್ ಇಡಬಾರದಾ?

ಇಡಬೇಕು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು. ಪಾದೂರು, ಮಂಗಳೂರು, ವಿಶಾಖಪಟ್ಟಣದ ಗುಹೆಗಳಲ್ಲಿ ಒಟ್ಟು 53.3 ಲಕ್ಷ ಟನ್ ಕ್ರೂಡ್ ಹಿಡಿಸುತ್ತದೆ. ಗ್ಯಾಸಿಗೆ ನಮ್ಮಲ್ಲಿ ಅಂಥ ಭೂಗತ ದಾಸ್ತಾನಿಲ್ಲ. ಟರ್ಮಿನಲ್ಲಿನ ಟ್ಯಾಂಕುಗಳಲ್ಲಿ ಇರುವುದು ಕೆಲವೇ ದಿನಗಳ ಸರಕು. ಅಷ್ಟು ತಣ್ಣಗಿನ ದ್ರವ ಎಷ್ಟೇ ಕಾಪಾಡಿದರೂ ದಿನವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತಿರುತ್ತದೆ, ತಿಂಗಳುಗಟ್ಟಲೆ ಇಡುವುದು ಕಷ್ಟ. ದಾಸ್ತಾನಿಗೆ ಬೇಕಾದದ್ದು ಬರಿದಾದ ಗ್ಯಾಸ್ ಕ್ಷೇತ್ರ ಅಥವಾ ನೆಲದಡಿಯ ಉಪ್ಪಿನ ಪದರದಲ್ಲಿ ಕೊರೆದ ಗುಹೆ. ಬೇಸಿಗೆಯಲ್ಲಿ ತುಂಬಿ ಚಳಿಗಾಲದಲ್ಲಿ ತೆಗೆಯುವ ಇಂಥ ದಾಸ್ತಾನು ಯುರೋಪಿನ ಒಕ್ಕೂಟಕ್ಕೆ 100 ಶತಕೋಟಿ ಘನ ಮೀಟರಿಗಿಂತ ಹೆಚ್ಚಿದೆ. ನಮ್ಮ ಇಡೀ ವರ್ಷದ ಬಳಕೆ 70 ಶತಕೋಟಿಯ ಆಸುಪಾಸು.

ಕಣಜ ಇದ್ದರೆ ಸಾಲದು, ಬೀಗದ ಕೈ ಯಾರ ಬಳಿ ಇದೆ ಎಂಬುದೂ ಮುಖ್ಯ. ಜರ್ಮನಿಯ ರೇಡೆನ್ ದಾಸ್ತಾನು ಪಶ್ಚಿಮ ಯುರೋಪಿನ ಅತಿ ದೊಡ್ಡದರಲ್ಲೊಂದು. ಅದು ಗಾಜ್‌ಪ್ರಾಮ್ ಕೈಯಲ್ಲಿತ್ತು. ಯುದ್ಧಕ್ಕೆ ಮುಂಚಿನ ಚಳಿಗಾಲದಲ್ಲಿ ಅದು ಬಹುತೇಕ ಖಾಲಿ ಬಿದ್ದಿತ್ತು. ಆಮೇಲೆ ಜರ್ಮನಿ ಇಂತಿಷ್ಟು ತುಂಬಿಸಲೇಬೇಕು ಎಂದು ಕಾನೂನು ಮಾಡಿತು. ನಾವು ಕಟ್ಟುವಾಗ ಆ ಕಾನೂನನ್ನು ಮೊದಲೇ ಬರೆದುಕೊಳ್ಳಬೇಕು. ಖರ್ಚು ದೊಡ್ಡದು, ಅದು ಎಲ್ಲರ ಬಿಲ್ಲಿನಲ್ಲೂ ಒಂದಿಷ್ಟು ಬೀಳುತ್ತದೆ. ನಾನು ಸಂತೋಷದಿಂದ ಕೊಡುತ್ತೇನೆ.

ಸಕ್ಕರೆ ಕಾರ್ಖಾನೆಯ ಕಸದಿಂದ, ಸಗಣಿಯಿಂದ ಗ್ಯಾಸ್ ಮಾಡ್ತಾರಂತಲ್ಲ, ಅದು ಸಾಕಾಗಲ್ವಾ?

ಸಾಕಾಗದು, ಆದರೆ ಬೇಕು. 2018ರಲ್ಲಿ 'ಸತತ್' ಯೋಜನೆ ಬಂತು. ನಗರದ ಗ್ಯಾಸ್ ಕಂಪನಿಗಳು ಇಂಥ ಜೈವಿಕ ಅನಿಲವನ್ನು 2025–26ರಲ್ಲಿ ಶೇ. 1, 2028–29ರ ಹೊತ್ತಿಗೆ ಶೇ. 5 ಬೆರೆಸಬೇಕೆಂಬ ಗುರಿ ಇದೆ. ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಗೆ ಇದರಲ್ಲಿ ಒಳ್ಳೆಯ ಅವಕಾಶ ಇದೆ.

ನಮ್ಮ ಹೋಟೆಲಿಗೆ ಪೈಪ್ ಗ್ಯಾಸ್ ಕರಾರು ಮಾಡ್ತಿದ್ದೇವೆ. ಏನೇನು ನೋಡಬೇಕು, ಸರಿಯಾಗಿ ಹೇಳಿ ಮಾರಾಯ್ರೇ.

ದರ ಯಾವುದಕ್ಕೆ ಜೋಡಿಸಿದೆ, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಎಂದು ಮೊದಲು ಓದಿ. ಆಮೇಲೆ ಕನಿಷ್ಠ ಬಳಕೆಯ ಷರತ್ತು. ಇದು ದೊಡ್ಡ ಒಪ್ಪಂದಗಳ ಟೇಕ್ ಆರ್ ಪೇಯ ತಮ್ಮನೇ. ನವೀಕರಣಕ್ಕೆ ತಿಂಗಳು ಹೋಟೆಲ್ ಮುಚ್ಚಿದರೂ ಬಿಲ್ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಕೊರತೆ ಬಂದಾಗ ಎಷ್ಟು ಕಡಿತ ಮಾಡಬಹುದು, ಮುಂಚಿತವಾಗಿ ತಿಳಿಸುತ್ತಾರೆಯೇ ಎಂಬುದೂ ಕರಾರಿನಲ್ಲಿರುತ್ತದೆ. ಸಣ್ಣ ಅಕ್ಷರದಲ್ಲಿ ಇದ್ದರೂ ಓದಿ. ಅಡುಗೆಮನೆಯನ್ನು ಒಂದೇ ಇಂಧನಕ್ಕೆ ಕಟ್ಟಿಹಾಕಬೇಡಿ. ಇಡ್ಲಿ ಸ್ಟೀಮರು, ಹಾಲು ಕಾಯಿಸುವುದು, ಸಾಂಬಾರು ಬಿಸಿಯಿಡುವುದು ಕರೆಂಟಿನಲ್ಲಿ ಚೆನ್ನಾಗಿ ಆಗುತ್ತವೆ. ದೋಸೆಯ ಕಾವಲಿಗೆ ಮಾತ್ರ ಗ್ಯಾಸಿನ ಉರಿಯೇ ಬೇಕು ಎಂದು ನಿಮ್ಮ ಭಟ್ಟರು ಹೇಳಿದರೆ ಅವರ ಮಾತು ಕೇಳಿ. ಗ್ಯಾಸ್ ಕಡಿತವಾದ ದಿನ ಸಿಕ್ಕಷ್ಟನ್ನು ಆ ಒಲೆಗೇ ಬಿಡಿ.